ಗ್ರೆನಡಾದ ಎರಿಕ್ ಗೇರಿ: ತೋಟದ ಕೂಲಿಗಳ ಸಂಘ ಕಟ್ಟಿದವನು ಇಡೀ ದ್ವೀಪ ಗೆದ್ದದ್ದು ಹೇಗೆ?

ತೆಂಕಣಗಾಳಿ (ಚರ್ಚೆ ಶುರು ಮಾಡಿದವರು)

ಕೆರಿಬಿಯನ್ ಕಾರ್ಮಿಕ ಚಳವಳಿಯ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. ಒಬ್ಬ ಮನುಷ್ಯ ಮಾತ್ರ ತಲೆಯಿಂದ ಹೋಗುತ್ತಲೇ ಇಲ್ಲ. ಗ್ರೆನಡಾದ ಎರಿಕ್ ಗೇರಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. ಹುಟ್ಟಿದ್ದು 1922ರಲ್ಲಿ, ಗ್ರೆನ್‌ವಿಲ್ ಪಟ್ಟಣದ ಹತ್ತಿರ. ಸ್ವಲ್ಪ ಕಾಲ ಮೇಷ್ಟ್ರ ಕೆಲಸ. ಆಮೇಲೆ ದುಡಿಮೆ ಹುಡುಕಿಕೊಂಡು ಟ್ರಿನಿಡಾಡ್‌ಗೆ, ಅಲ್ಲಿಂದ ಡಚ್ಚರ ಕೈಯಲ್ಲಿದ್ದ ಅರುಬಾದ ತೈಲ ಶುದ್ಧೀಕರಣ ಕಾರ್ಖಾನೆಗೆ. 1949ರ ಕೊನೆಗೆ ಊರಿಗೆ ವಾಪಸ್. 1950ರಲ್ಲಿ ಕಾರ್ಮಿಕ ಸಂಘ ಕಟ್ಟಿದ. 1951ರ ಫೆಬ್ರವರಿಯಲ್ಲಿ ದ್ವೀಪವೇ ನಿಲ್ಲುವಂಥ ಮುಷ್ಕರ. ಅದೇ ವರ್ಷ ಅಕ್ಟೋಬರ್‌ನಲ್ಲಿ ವಯಸ್ಕರೆಲ್ಲರಿಗೂ ಮತ ಸಿಕ್ಕ ಮೊದಲ ಚುನಾವಣೆ. 8 ಸ್ಥಾನಗಳಲ್ಲಿ 6 ಇವನ ಪಕ್ಷದ ಪಾಲಾದವು. ಆಗ ಅವನಿಗೆ 29 ವರ್ಷ.

ಹಣ ಇಲ್ಲ, ಜಮೀನಿಲ್ಲ, ದೊಡ್ಡ ಮನೆತನ ಇಲ್ಲ. ಎರಡು ವರ್ಷ ತುಂಬುವ ಮೊದಲೇ ಇಷ್ಟೆಲ್ಲ ಹೇಗೆ ಆಯಿತು? ಇನ್ನೂ ಒಂದು ಪ್ರಶ್ನೆ ಇದೆ. ಇದೇ ಗೇರಿ 1970ರ ದಶಕದಲ್ಲಿ ವಿರೋಧಿಗಳ ಮೇಲೆ ಗೂಂಡಾಗಳನ್ನು ಬಿಟ್ಟ. ಆ ಗೇರಿ 1951ರಲ್ಲೇ ಇದ್ದನಾ? ಅಥವಾ ಅಧಿಕಾರ ಅವನನ್ನು ಹಾಗೆ ಮಾಡಿತಾ?

ಹಳೇಬೇರು

ಮೊದಲ ಪ್ರಶ್ನೆಗೆ ಉತ್ತರ ಸುಲಭ ಸರ್. ಬೇರೆ ಯಾರೂ ತೋಟಗಳ ಒಳಗೆ ಕಾಲಿಡಲಿಲ್ಲ. ಗೇರಿ ಇಟ್ಟರು.

1935ರಲ್ಲಿ ಸೇಂಟ್ ಕಿಟ್ಸ್, ಸೇಂಟ್ ವಿನ್ಸೆಂಟ್. 1937ರಲ್ಲಿ ಟ್ರಿನಿಡಾಡ್, ಬಾರ್ಬಡೋಸ್. 1938ರಲ್ಲಿ ಜಮೈಕಾ. ಬ್ರಿಟಿಷರ ಕೆರಿಬಿಯನ್ ದ್ವೀಪಗಳಲ್ಲಿ ಒಂದರ ಹಿಂದೆ ಒಂದರಂತೆ ಗಲಭೆ ಎದ್ದಾಗ ಗ್ರೆನಡಾ ಹೆಚ್ಚು ಕಡಿಮೆ ಸುಮ್ಮನಿತ್ತು. ಜನ ಸುಖವಾಗಿದ್ದರು ಅಂತಲ್ಲ. ಬಾರ್ಬಡೋಸ್‌ನಲ್ಲಿ ಎಲ್ಲಿ ನೋಡಿದರೂ ಕಬ್ಬು. ಗ್ರೆನಡಾದಲ್ಲಿ ಕೋಕೋ, ಜಾಯಿಕಾಯಿ. ತುಂಬ ಕೂಲಿಗಳಿಗೆ ಬೆಟ್ಟದ ಇಳಿಜಾರಿನಲ್ಲಿ ಒಂದು ತುಂಡು ನೆಲ ಇತ್ತು. ಇನ್ನು ಕೆಲವರ ಗುಡಿಸಲು ಮಾಲೀಕನ ಜಾಗದಲ್ಲೇ ಇತ್ತು. ಕೂಲಿ ಜಾಸ್ತಿ ಕೇಳಿದರೆ ಕೆಲಸದ ಜೊತೆ ಸೂರೂ ಹೋಗುತ್ತದೆ. ಹಾಗಿದ್ದಾಗ ಬಾಯಿ ತೆರೆಯೋದು ಯಾರು?

ಸಂಘಗಳೇ ಇರಲಿಲ್ಲ ಅಂತಲ್ಲ. ಸೇಂಟ್ ಜಾರ್ಜಸ್ ಪಟ್ಟಣದಲ್ಲಿದ್ದವು. ಅವು ಪಟ್ಟಣದವರ ಸಂಘಗಳು, ಪಟ್ಟಣದಲ್ಲೇ ಉಳಿದವು. ಟಿ. ಎ. ಮ್ಯಾರಿಶೋ ಅಂಥ ದೊಡ್ಡ ಮನುಷ್ಯರೂ ಇದ್ದರು. 1915ರಿಂದ ಪತ್ರಿಕೆ ನಡೆಸಿ, ಕೆರಿಬಿಯನ್ ದ್ವೀಪಗಳೆಲ್ಲ ಒಂದಾಗಬೇಕು ಅಂತ ಹೋರಾಡಿದವರು. 1925ರಿಂದ ಶಾಸನ ಸಭೆಯಲ್ಲಿದ್ದರು. ಆದರೆ ಆ ಕಾಲದಲ್ಲಿ ಮತ ಇದ್ದದ್ದು ಆಸ್ತಿ, ಆದಾಯ ಇದ್ದವರಿಗೆ. ತೋಟದ ಹೆಂಗಸಿಗೆ ಮ್ಯಾರಿಶೋ ಅಂದರೆ ಹೆಸರು ಕೇಳಿ ಗೊತ್ತು, ಅಷ್ಟೇ.

ಆ ಹೆಂಗಸರ ಕೆಲಸ ಹೇಗಿತ್ತು ಕೇಳಿ. ಕೋಕೋ ಬೀಜ ಒಣಗಿಸಲು ದೊಡ್ಡ ದೊಡ್ಡ ಮರದ ತಟ್ಟೆಗಳು. ಅವುಗಳ ಕೆಳಗೆ ಹಳಿ. ಬಿಸಿಲಿಗೆ ಹೊರಗೆ ಎಳೆಯೋದು, ಮಳೆ ಹನಿ ಬಿದ್ದ ಕೂಡಲೇ ಕಟ್ಟಡದ ಅಡಿಗೆ ತಳ್ಳೋದು. ಹೆಂಗಸರು ಬರಿಗಾಲಲ್ಲಿ ಬೀಜದ ರಾಶಿ ಮೇಲೆ ಸಾಲುಸಾಲಾಗಿ ಹೆಜ್ಜೆ ಎಳೆಯುತ್ತ ಹೋಗಿ ಬೀಜ ತಿರುವಬೇಕು. ಬಿಸಿಲು ಇರುವಷ್ಟು ಹೊತ್ತೂ ಅದೇ. ಇಷ್ಟಾದರೂ ಹೆಂಗಸಿನ ದಿನಗೂಲಿ ಗಂಡಸಿಗಿಂತ ಕಡಿಮೆ. ಇವರ ಹತ್ತಿರ ಬಂದು ಕೂತು, ಇವರ ಪರವಾಗಿ ಮಾಲೀಕರಿಗೆ ಕಾಗದ ಬರೆದವರು ಗೇರಿ. ಅದನ್ನು ಜನ ಮರೀಲಿಲ್ಲ.

ಅಡಿಕೆತೋಟ

ಕೋಕೋ ಮೇಲೆ ಕಾಲಲ್ಲಿ ನಡೆಯುವುದಾ ಮಾರಾಯ್ರೆ? ನಮ್ಮ ಪುತ್ತೂರು ಕಡೆ ಅಡಿಕೆ ಮಧ್ಯೆ ಕೋಕೋ ಇದೆ. ನಾವು ಕಾಯಿ ಒಡೆದು ಹಸಿ ಬೀಜವನ್ನೇ ಮಾರುವುದು. ಒಣಗಿಸುವ ತಲೆಬಿಸಿ ನಮಗಿಲ್ಲ. ಕಾಲೇ ಯಾಕೆ, ಹಲಗೆಯಲ್ಲಿ ಎಳೆದರೆ ಆಗುವುದಿಲ್ವಾ?

ಹಳೇಬೇರು

ಹಲಗೆಯಲ್ಲೂ ಎಳೀತಾರೆ. ಕಾಲಲ್ಲಿ ತುಳಿದಾಗ ಬೀಜಕ್ಕೆ ಬೀಜ ಉಜ್ಜಿ ಮೇಲಿನ ಕೊಳೆ ಹೋಗುತ್ತೆ, ಹೊಳಪು ಬರುತ್ತೆ. ಹೊಳಪಿದ್ದ ಬೀಜಕ್ಕೆ ರೇಟು ಜಾಸ್ತಿ.

ಕೆಂಪುದೀಪ

ಮುಷ್ಕರದ ಕಥೆ ಇನ್ನೂ ಯಾರೂ ಹೇಳಿಲ್ಲ. ಅದು ಗೊತ್ತಾಗದೆ ಗೇರಿ ಅರ್ಥ ಆಗಲ್ಲ.

1951ರ ಫೆಬ್ರವರಿ ಮೂರನೇ ವಾರ. ಸಾವಿರಾರು ಕೂಲಿಗಳು ಕೆಲಸ ಬಿಟ್ಟರು. ಗೇರಿ ಜನರನ್ನು ಕರೆದುಕೊಂಡು ರಾಜಧಾನಿಗೆ ಮೆರವಣಿಗೆ ಬಂದ. ಗವರ್ನರ್ ರಾಬರ್ಟ್ ಅರುಂಡೆಲ್ ಅವನನ್ನು ಹಿಡಿಸಿ, ಪಕ್ಕದ ಪುಟ್ಟ ದ್ವೀಪ ಕ್ಯಾರಿಯಾಕೂಗೆ ಸಾಗಿಸಿದ. ತಲೆ ಕಡಿದರೆ ಮುಂಡ ತಾನಾಗೇ ಬೀಳುತ್ತೆ ಅಂತ ಸರ್ಕಾರದ ಲೆಕ್ಕ. ಆಗಿದ್ದೇ ಬೇರೆ. ತೋಟಗಳ ಕಟ್ಟಡಗಳಿಗೆ ಬೆಂಕಿ ಬಿತ್ತು. ರಸ್ತೆಗೆ ಅಡ್ಡ ಹಾಕಿದರು. ಕೋಕೋ, ಜಾಯಿಕಾಯಿ ಕಿತ್ತುಕೊಂಡು ಹೋದರು. ರಾತ್ರಿ ಬೆಂಕಿಯಿಂದ ಆಕಾಶವೇ ಕೆಂಪಾಗಿ ಕಾಣುತ್ತಿತ್ತಂತೆ. ಗ್ರೆನಡಾದ ಜನ ಆ ದಿನಗಳನ್ನು ಈಗಲೂ 'ಸ್ಕೈ ರೆಡ್' ಅಂತಲೇ ಕರೀತಾರೆ. ಬ್ರಿಟಿಷ್ ಯುದ್ಧನೌಕೆ ಬಂತು, ಹೊರಗಿನಿಂದ ಪೊಲೀಸರು ಬಂದರು. ಪೊಲೀಸರ ಗುಂಡಿಗೆ ಜನ ಸತ್ತರು. ಏನೂ ಹತೋಟಿಗೆ ಬರಲಿಲ್ಲ.

ಕೊನೆಗೆ ಗವರ್ನರ್ ಅದೇ ಗೇರಿಯನ್ನು ವಾಪಸ್ ಕರೆಸಬೇಕಾಯಿತು! ಮಾರ್ಚ್‌ನಲ್ಲಿ ಗೇರಿ ರೇಡಿಯೋದಲ್ಲಿ ಮಾತಾಡಿದ. ನಾನು ಗವರ್ನರ್‌ಗೆ ಮಾತು ಕೊಟ್ಟಿದ್ದೇನೆ, ಬೆಂಕಿ ಹಚ್ಚೋದು, ಲೂಟಿ ಎಲ್ಲ ನಿಲ್ಲಿಸಿ, ಕೆಲಸಕ್ಕೆ ಹೋಗಿ ಅಂದ. ಜನ ಹೋದರು. ಕೂಲಿಯೂ ಏರಿತು.

ಯುದ್ಧನೌಕೆ ನಿಲ್ಲಿಸಲಾಗದ್ದನ್ನು ಒಬ್ಬನ ದನಿ ನಿಲ್ಲಿಸಿತು ಅಂತ ದ್ವೀಪಕ್ಕೆಲ್ಲ ಗೊತ್ತಾಯಿತು. ಅಕ್ಟೋಬರ್ ಚುನಾವಣೆ ಮುಗಿದದ್ದು ಮಾರ್ಚ್‌ನಲ್ಲೇ ಅಂತ ನನ್ನ ಅಭಿಪ್ರಾಯ.

ಬಯಲುದಾರಿ

ಬೆಂಕಿ ಹಚ್ಚಿದ್ದನ್ನು ಇಷ್ಟು ಉತ್ಸಾಹದಿಂದ ಹೇಳಬೇಡಿ. ಸುಟ್ಟ ತೋಟದಲ್ಲಿ ಮಾರನೇ ದಿನ ಕೆಲಸ ಇಲ್ಲದೆ ಕೂತವರೂ ಕೂಲಿಗಳೇ ಅಲ್ವಾ?

ಕೆಂಪುದೀಪ

ಗುಲಾಮಗಿರಿ ಕಾನೂನಿನಲ್ಲಿ ಮುಗಿದದ್ದು 1834–38ರಲ್ಲಿ. 1951ರಲ್ಲೂ ಅದೇ ತೋಟ, ಅದೇ ಮಾಲೀಕರ ವರ್ಗ, ಅವರ ಮರ್ಜಿಯ ಕೂಲಿ. ನೂರು ವರ್ಷ ಕಾಗದ ಬರೆದು ಕೇಳಿದರೂ ಕೊಡದವರು ಒಂದು ತಿಂಗಳಲ್ಲಿ ಕೊಟ್ಟರು. ನೀವು ಬೆಂಕಿ ಬಗ್ಗೆ ಮಾತಾಡ್ತೀರಿ, ನಾನು ಆ ನೂರು ವರ್ಷದ ಬಗ್ಗೆ ಮಾತಾಡ್ತೀನಿ.

ಜೋಳದರೊಟ್ಟಿ

ಇಬ್ಬರೂ ಸ್ವಲ್ಪ ತಡೀರಿ. ಗೇರಿ ಮೊದಲಿಗನೇನಲ್ಲ. ಅವನಿಗಿಂತ ಮುಂಚೆ ಗ್ರೆನಡಾದಲ್ಲೇ ಹುಟ್ಟಿದ ಟ್ಯೂಬಲ್ ಯುರಾಯ ಬಟ್ಲರ್ ಇದ್ದ. ಟ್ರಿನಿಡಾಡ್‌ಗೆ ಹೋಗಿ, ತೈಲ ಬಾವಿಗಳಲ್ಲಿ ದುಡಿದು, 1937ರ ಜೂನ್‌ನಲ್ಲಿ ಫೈಜಾಬಾದ್ ಅನ್ನೋ ಊರಲ್ಲಿ ಮುಷ್ಕರ ಎಬ್ಬಿಸಿದವನು. (ಹೌದು, ನಮ್ಮ ಉತ್ತರ ಪ್ರದೇಶದ್ದೇ ಹೆಸರು. ಆ ಕಡೆ ಒಪ್ಪಂದದ ಕೂಲಿಗಳಾಗಿ ಹೋದ ಭಾರತೀಯರು ಬಹಳ.)

ಆದರೆ ಬಟ್ಲರ್‌ಗೆ ಅಧಿಕಾರ ಸಿಗಲಿಲ್ಲ. 1950ರ ಚುನಾವಣೆಯಲ್ಲಿ 18ರಲ್ಲಿ 6 ಸ್ಥಾನ ಗೆದ್ದು ಅವನ ಪಕ್ಷವೇ ಎಲ್ಲರಿಗಿಂತ ದೊಡ್ಡದಾಯಿತು. ಗವರ್ನರ್ ಅವರನ್ನೆಲ್ಲ ಪಕ್ಕಕ್ಕಿಟ್ಟು ಬೇರೆಯವರನ್ನು ಮಂತ್ರಿ ಮಾಡಿದ. ಅದಕ್ಕೇ ಹೇಳಿದ್ದು, ಜನಬಲ ಒಂದೇ ಸಾಲದು.

ಮೂಲೆಮನೆ

ಜೋಳದರೊಟ್ಟಿ ಅಕ್ಕಾ, ಟ್ರಿನಿಡಾಡ್ ಅಂದಮೇಲೆ ಏಡ್ರಿಯನ್ ಕೋಲಾ ರಿಯೆನ್ಸಿಯನ್ನು ಬಿಡೋ ಹಾಗಿಲ್ಲ. ಹುಟ್ಟು ಹೆಸರು ಕೃಷ್ಣ ದೇವನಾರಾಯಣ. ಬಟ್ಲರ್ ಪೊಲೀಸರಿಂದ ತಲೆಮರೆಸಿಕೊಂಡಿದ್ದಾಗ ತೈಲ ಕಾರ್ಮಿಕರ ಸಂಘ ಕಟ್ಟಿ ಅದರ ಮೊದಲ ಅಧ್ಯಕ್ಷರಾದವರು. ಸಕ್ಕರೆ ತೋಟದ ಕಾರ್ಮಿಕರ ಸಂಘವೂ ಅವರ ಕೈಯಲ್ಲೇ ಇತ್ತು. ಎಣ್ಣೆಯಲ್ಲಿ ಹೆಚ್ಚು ಆಫ್ರಿಕನ್ ಮೂಲದವರು, ಕಬ್ಬಿನಲ್ಲಿ ಭಾರತೀಯ ಮೂಲದವರು. ಎರಡಕ್ಕೂ ಒಬ್ಬರೇ ಅಧ್ಯಕ್ಷರು. ಇಂಥವರ ಹೆಸರು ಇಲ್ಲಿ ಎಷ್ಟು ಜನ ಕೇಳಿದ್ದೀರಿ?

ಲಾಲ್‌ಬಾಗ್‌ಬಂಡೆ

ನಾನು ಕೆರಿಬಿಯನ್ ಹೆಸರು ಕಲಿತಿದ್ದೆಲ್ಲ ಕ್ರಿಕೆಟ್‌ನಿಂದ. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಮೊದಲ ಟೆಸ್ಟ್ ಆಡಿದ್ದು ನಮ್ಮ ಬೆಂಗಳೂರಲ್ಲೇ, 1974ರಲ್ಲಿ. ರಿಚರ್ಡ್ಸ್ ಊರು ಆಂಟಿಗಾ. ಅಲ್ಲೂ ಇಂಥ ನಾಯಕ ಇದ್ದನಲ್ವಾ?

ಹಳೇಬೇರು

ಇದ್ದರು, ವಿ. ಸಿ. ಬರ್ಡ್. 1943ರಿಂದ ಕಾರ್ಮಿಕ ಸಂಘದ ಅಧ್ಯಕ್ಷ, 1981ರಲ್ಲಿ ದೇಶದ ಮೊದಲ ಪ್ರಧಾನಿ. 1951ರಲ್ಲಿ ಬೆಥೆಸ್ಡಾ ಅನ್ನೋ ಹಳ್ಳಿಯ ಹುಣಸೆ ಮರದ ಕೆಳಗೆ ಸಕ್ಕರೆ ತೋಟಗಳ ಮುಖ್ಯಸ್ಥ ಮೂಡಿ ಸ್ಟುವರ್ಟ್ ಜೊತೆ ಮುಖಾಮುಖಿ ಆಯಿತು. ಕೂಲಿ ಏರಿಸದಿದ್ದರೆ ಕಾಡು ಸೊಪ್ಪು, ಕಡಲ ಚಿಪ್ಪು ತಿಂದು ಬದುಕ್ತೀವಿ, ಕೆಲಸಕ್ಕೆ ಮಾತ್ರ ಬರಲ್ಲ ಅಂದರು ಬರ್ಡ್. ಗ್ರೆನಡಾ ಹೊತ್ತಿಕೊಂಡ ವರ್ಷವೇ ಇದೂ ಆಗಿದ್ದು. ಎರಡೂ ಕಡೆ ಎಲ್ಲರಿಗೂ ಮತದಾನದ ಹಕ್ಕು ಸಿಕ್ಕಿದ್ದೂ ಅದೇ ವರ್ಷ.

ತೆಂಕಣಗಾಳಿ

ನನಗೆ ಬೇಕಿದ್ದ ಸುಳಿವು ಇದೇ. ಮುಷ್ಕರ ಮತ್ತು ಮತದ ಹಕ್ಕು ಒಟ್ಟೊಟ್ಟಿಗೆ ಬಂದವು. ಫೆಬ್ರವರಿಯಲ್ಲಿ ಸಂಘದ ಸದಸ್ಯ, ಅಕ್ಟೋಬರ್‌ನಲ್ಲಿ ಮತದಾರ. ಬೇರೆ ಪಕ್ಷ ಹುಟ್ಟೋಕೆ ಪುರುಸೊತ್ತೇ ಇರಲಿಲ್ಲ. ಸಂಘವೇ ಪಕ್ಷ ಆಯಿತು.

ಇನ್ನೊಂದು ನೋಡಿ. ಗೆದ್ದ 6 ಜನಕ್ಕೆ ಕೈಯಲ್ಲಿ ಏನೂ ಇರಲಿಲ್ಲ. ಖಜಾನೆ, ಪೊಲೀಸ್ ಎಲ್ಲ ಗವರ್ನರ್ ಹತ್ತಿರ. ಗೆದ್ದ ಮೇಲೂ ಗೇರಿ ಮಾಡಬಹುದಾಗಿದ್ದು ಜನರನ್ನು ಬೀದಿಗೆ ತರೋದು, ಸಭೆಯಲ್ಲಿ ಗುಡುಗೋದು. ಆಡಳಿತ ಕಲಿಯೋಕೆ ಅವಕಾಶ ಎಲ್ಲಿ ಕೊಟ್ಟರು?

ಬಯಲುದಾರಿ

ತಪ್ಪನ್ನೆಲ್ಲ ಬ್ರಿಟಿಷರ ತಲೆಗೆ ಕಟ್ಟಿದರೆ ಮುಗೀತಾ? 1957ರ ಚುನಾವಣೆ ತೆಗೆದುಕೊಳ್ಳಿ. ವಿರೋಧಿಗಳ ಸಭೆ ನಡೀತಿದ್ದಾಗ ಗೇರಿ ಸ್ಟೀಲ್ ಬ್ಯಾಂಡ್ ಬಾರಿಸಿಕೊಂಡು ಜನರನ್ನು ಕಟ್ಟಿಕೊಂಡು ಆ ಸಭೆಯ ನಡುವೆಯೇ ಹಾದುಹೋದ. ಅದಕ್ಕೆ ಅವನ ಚುನಾವಣಾ ಹಕ್ಕನ್ನೇ ರದ್ದು ಮಾಡಿದರು. ಎದುರಾಳಿ ಮಾತಾಡೋದನ್ನೇ ಸಹಿಸದ ಬುದ್ಧಿ ಆಗಲೇ ಇತ್ತು. ಅದನ್ನು ಯಾವ ಗವರ್ನರೂ ಕಲಿಸಿಕೊಟ್ಟಿರಲಿಲ್ಲ.

ಜೋಳದರೊಟ್ಟಿ

1957ರಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ಬರೀ 2 ಸ್ಥಾನ, ಅದನ್ನೂ ಹೇಳಿ. 1955ರ ಸೆಪ್ಟೆಂಬರ್‌ನಲ್ಲಿ ಜಾನೆಟ್ ಚಂಡಮಾರುತ ಬಂದು ಜಾಯಿಕಾಯಿ ಮರಗಳನ್ನೆಲ್ಲ ಮಲಗಿಸಿತ್ತು. ಹೊಸ ಗಿಡ ಫಸಲು ಕೊಡೋಕೆ ಆರೇಳು ವರ್ಷವಾದರೂ ಬೇಕು. ತೋಟದಲ್ಲಿ ಕೆಲಸವೇ ಇಲ್ಲದಾಗ ತೋಟದ ಸಂಘಕ್ಕೆ ಬಲ ಎಲ್ಲಿಂದ ಬರುತ್ತೆ? ಅವನ ಸೋಲಿಗೆ ಇದೂ ಒಂದು ಕಾರಣ ಅಂತ ನನಗನಿಸುತ್ತೆ.

ಮೂಲೆಮನೆ

ಆದರೂ 1961ರಲ್ಲಿ 10ರಲ್ಲಿ 8 ಗೆದ್ದು ವಾಪಸ್ ಬಂದ. ಹಕ್ಕು ರದ್ದಾಗಿದ್ದರಿಂದ ಮೊದಲ ಕೆಲವು ತಿಂಗಳು ಮುಖ್ಯಮಂತ್ರಿ ಕುರ್ಚಿಯಲ್ಲಿ ಜಾರ್ಜ್ ಕ್ಲೈನ್ ಕೂತಿದ್ದರು, ಆಮೇಲೆ ಗೇರಿ. 1962ರಲ್ಲಿ ಸರ್ಕಾರಿ ದುಡ್ಡು ಬೇಕಾಬಿಟ್ಟಿ ಖರ್ಚಾಗಿದೆ ಅಂತ ವಿಚಾರಣೆ ಆಯಿತು. ಬ್ರಿಟಿಷರು ಸಂವಿಧಾನವನ್ನೇ ಅಮಾನತು ಮಾಡಿ ಅವನನ್ನು ಇಳಿಸಿದರು. ಮುಂದಿನ ಚುನಾವಣೆಯನ್ನು ಹರ್ಬರ್ಟ್ ಬ್ಲೇಜ್ ಗೆದ್ದರು. 1967ರಲ್ಲಿ ಮತ್ತೆ ಗೇರಿ!

ಲಾಲ್‌ಬಾಗ್‌ಬಂಡೆ

ವಿಶ್ವಸಂಸ್ಥೆಯಲ್ಲಿ ಹಾರುವ ತಟ್ಟೆಗಳ ಬಗ್ಗೆ ಮಾತಾಡಿದ ಪ್ರಧಾನಿ ಇವನೇನಾ?

ತೆಂಕಣಗಾಳಿ

ಇವನೇ, 1977–78ರಲ್ಲಿ. ಆದರೆ ದಯವಿಟ್ಟು ಆ ದಾರಿ ಹಿಡಿಯಬೇಡಿ. ಗೇರಿ ಹೆಸರು ಹೇಳಿದ ಕೂಡಲೇ ಎಲ್ಲರೂ ಅಲ್ಲಿಗೇ ಹೋಗ್ತಾರೆ. ಸಾವಿರಾರು ಕೂಲಿಗಳ ಕಥೆ ಅದರ ಕೆಳಗೆ ಮುಚ್ಚಿಹೋಗುತ್ತೆ.

ಕಡಲತಡಿ

ನಾನು ಹಡಗಿನಲ್ಲಿ ಕೆಲಸ ಮಾಡುವವನು. ಸೇಂಟ್ ಜಾರ್ಜಸ್ ಬಂದರಿನಲ್ಲಿ ಒಮ್ಮೆ ಇಳಿದಿದ್ದೆ. ಕುದುರೆ ಲಾಳದ ಆಕಾರದ ಬಂದರು, ಸುತ್ತ ಗುಡ್ಡ, ಗುಡ್ಡದ ಮೇಲೆ ಕೆಂಪು ಹೆಂಚಿನ ಮನೆಗಳು. ಟ್ಯಾಕ್ಸಿ ಓಡಿಸುತ್ತಿದ್ದ ಅಜ್ಜನ ಹತ್ತಿರ ಗೇರಿ ಬಗ್ಗೆ ಕೇಳಿದೆ. ಗಾಡಿಯನ್ನು ಪಕ್ಕಕ್ಕೆ ಹಾಕಿ ಮಾತಿಗೆ ನಿಂತರು.

ಅವರ ಬಾಯಲ್ಲಿ ಗೇರಿ ಅಂದರೆ 'ಅಂಕಲ್ ಗೇರಿ'. ಅವರ ತಾಯಿ ಜಾಯಿಕಾಯಿ ಹೆಕ್ಕುವ ಕೆಲಸದವರಂತೆ. ಭೂಮಿ ಇಲ್ಲದವರಿಗೆ ತೋಟ ಒಡೆದು ಹಂಚುವ ಯೋಜನೆ ಗೇರಿ ತಂದಾಗ ಇವರ ಮನೆಗೂ ಒಂದು ತುಂಡು ಬಂತಂತೆ. ಮನೆ ಕಟ್ಟಿದ್ದು ಅಲ್ಲೇ. ಹಾಗಾದರೆ ಗೂಂಡಾಗಳು? ಅಂತ ಕೇಳಿದೆ. ಅಜ್ಜ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತಂಗಿಯ ಗಂಡನಿಗೆ ಅವರು ಹೊಡೆದಿದ್ದರು, ಆ ಕೈ ಮತ್ತೆ ನೆಟ್ಟಗಾಗಲಿಲ್ಲ ಅಂದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಇಲ್ಲಿ ನೀವು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಎಳೆಯುತ್ತಿದ್ದೀರಿ. ಆ ಅಜ್ಜನ ಮನೆಯಲ್ಲಿ ಎರಡೂ ಇತ್ತು.

ಬಯಲುದಾರಿ

ಕಡಲತಡಿ ಅಣ್ಣಾ, ಇದನ್ನು ಬರೆದದ್ದಕ್ಕೆ ಥ್ಯಾಂಕ್ಸ್. ಆ ಗುಂಪಿನ ಹೆಸರು ಮಂಗೂಸ್ ಗ್ಯಾಂಗ್. 1973ರ ನವೆಂಬರ್ 18ರ ಭಾನುವಾರ ಗ್ರೆನ್‌ವಿಲ್‌ನಲ್ಲಿ ಗೇರಿಯ ವಿರೋಧಿ ನಾಯಕ ಮಾರಿಸ್ ಬಿಷಪ್ ಮತ್ತು ಜೊತೆಗಾರರನ್ನು ಪೊಲೀಸರು ಹೊಡೆದು ಜೈಲಿಗೆ ಹಾಕಿದರು. 1974ರ ಜನವರಿಯಲ್ಲಿ ಬಿಷಪ್ ತಂದೆ ರೂಪರ್ಟ್ ಬಿಷಪ್ ಅವರನ್ನು ಗುಂಡಿಟ್ಟು ಕೊಂದರು. ಅವರು ನಿಂತಿದ್ದು ಹೆಂಗಸರು ಮಕ್ಕಳು ಒಳಗೆ ಸೇರಿಕೊಂಡಿದ್ದ ಕಟ್ಟಡದ ಬಾಗಿಲಲ್ಲಿ. ಗ್ರೆನ್‌ವಿಲ್ ಅಂದರೆ ಗೇರಿ ಹುಟ್ಟಿದ ಕಡೆಯದೇ ಪಟ್ಟಣ.

ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. 1974ರ ಫೆಬ್ರವರಿ 7ಕ್ಕೆ ಸ್ವಾತಂತ್ರ್ಯ ಬಂದಾಗ ಬಂದರಿನ ಕಾರ್ಮಿಕರು ಮುಷ್ಕರದಲ್ಲಿದ್ದರು. ಯಾರ ವಿರುದ್ಧ? ಗೇರಿ ವಿರುದ್ಧ. ಮುಷ್ಕರದಿಂದ ಮೇಲೆ ಬಂದವನ ಪಟ್ಟಾಭಿಷೇಕ ಮುಷ್ಕರದ ನಡುವೆಯೇ ಆಯಿತು.

ಕೆಂಪುದೀಪ

ಅದನ್ನು ನಾನೂ ಒಪ್ಪುತ್ತೇನೆ. 1974ರ ಗೇರಿಯನ್ನು ಯಾರೂ ಸಮರ್ಥಿಸೋಕೆ ಆಗಲ್ಲ. ಆದರೆ ಅದನ್ನು ತೋರಿಸಿ 1951ರ ಕೂಲಿಗಳ ಹೋರಾಟವನ್ನೇ ಸುಳ್ಳು ಅನ್ನಬೇಡಿ. ಅದು ಅವರದ್ದು. ಗೇರಿಯ ಸ್ವಂತ ಆಸ್ತಿ ಅಲ್ಲ.

ಮೂಲೆಮನೆ

ಇಲ್ಲಿ ಜಮೈಕಾ ಪಕ್ಕಕ್ಕಿಟ್ಟು ನೋಡಬೇಕು. ಅಲೆಕ್ಸಾಂಡರ್ ಬುಸ್ಟಮಾಂಟೆ ಹತ್ತಿದ ಏಣಿಯೂ ಇದೇ ತರಹದ್ದು. ಕಿಂಗ್‌ಸ್ಟನ್‌ನಲ್ಲಿ ಬಡ್ಡಿಗೆ ಸಾಲ ಕೊಡುತ್ತಿದ್ದ ಮನುಷ್ಯ. 1938ರ ಮೇ ತಿಂಗಳಲ್ಲಿ ಬಂದರಿನ ಮುಷ್ಕರದ ಮುಂದೆ ನಿಂತ, ಜೈಲಿಗೆ ಹೋದ, ಬಿಡುಗಡೆಯಾದಾಗ ಹೀರೋ. ಸಂಘಕ್ಕೆ ತನ್ನ ಹೆಸರನ್ನೇ ಇಟ್ಟ. ಆಜೀವ ಅಧ್ಯಕ್ಷನೂ ತಾನೇ ಆದ. ಯುದ್ಧದ ಕಾಲದಲ್ಲಿ 1940ರಿಂದ 1942ರವರೆಗೆ ಬಂಧನ. 1943ರಲ್ಲಿ ಪಕ್ಷ, 1944ರ ಡಿಸೆಂಬರ್‌ನಲ್ಲಿ 32ರಲ್ಲಿ 22 ಸ್ಥಾನ.

ಒಬ್ಬನದೇ ಕಾರುಬಾರು ಗೇರಿಗಿಂತ ಏನೂ ಕಡಿಮೆ ಇರಲಿಲ್ಲ. ಆದರೂ 1955ರಲ್ಲಿ ಸೋತಾಗ ಸುಮ್ಮನೆ ಇಳಿದ. 1962ರಲ್ಲಿ ಗೆದ್ದು ಸ್ವತಂತ್ರ ಜಮೈಕಾದ ಮೊದಲ ಪ್ರಧಾನಿಯಾದ. ಯಾಕೆ? ಎದುರಿಗೆ ಅವನ ಹತ್ತಿರದ ನೆಂಟ ನಾರ್ಮನ್ ಮ್ಯಾನ್ಲಿ ಇದ್ದರು, 1938ರಲ್ಲೇ ಕಟ್ಟಿದ ಪಕ್ಷ ಇತ್ತು, 1952ರಿಂದ ಆ ಪಕ್ಷಕ್ಕೆ ಬಲವಾದ ಇನ್ನೊಂದು ಕಾರ್ಮಿಕ ಸಂಘ ಇತ್ತು. ಕೂಲಿಗೆ ಬುಸ್ಟಮಾಂಟೆ ಮೇಲೆ ಬೇಜಾರಾದರೆ ಹೋಗೋಕೆ ಇನ್ನೊಂದು ಬಾಗಿಲಿತ್ತು. ಗ್ರೆನಡಾದ ತೋಟದ ಹೆಂಗಸಿಗೆ ಅಂಥ ಬಾಗಿಲು ಇರಲಿಲ್ಲ. ಬ್ಲೇಜ್ ಅವರ ಪಕ್ಷ ಪಟ್ಟಣದವರದು, ಜಮೀನುದಾರರದು ಅಂತಲೇ ಅವಳು ನೋಡಿದ್ದು.

ಹಾಗಾಗಿ ತೆಂಕಣಗಾಳಿ ಸರ್, ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದು: 1951ರ ಗೇರಿಯಲ್ಲಿ ಅಧಿಕಾರದ ಹಸಿವು ಇತ್ತು, ಬುಸ್ಟಮಾಂಟೆಯಲ್ಲೂ ಇತ್ತು. ತಡೆಯೋರು ಒಬ್ಬನಿಗಿದ್ದರು, ಇನ್ನೊಬ್ಬನಿಗೆ ಇರಲಿಲ್ಲ.

ತೆಂಕಣಗಾಳಿ

ಇದು ಒಪ್ಪುವಂಥ ಮಾತು. ಆದರೆ ಸುಮಾರು ಒಂದು ಲಕ್ಷ ಜನರ ದ್ವೀಪದಲ್ಲಿ ಎರಡನೇ ಸಂಘ ಹುಟ್ಟೋದು ಅಷ್ಟು ಸುಲಭಾನಾ?

ಹಳೇಬೇರು

ಸುಲಭ ಇರಲಿಲ್ಲ, ಆದರೂ ಹುಟ್ಟಿದವು. 1970ರ ದಶಕದಲ್ಲಿ ಬಂದರಿನವರು, ಮೇಷ್ಟ್ರುಗಳು, ಸರ್ಕಾರಿ ನೌಕರರು ಸೇರಿಯೇ ಗೇರಿ ವಿರುದ್ಧ ನಿಂತದ್ದು. ಅಷ್ಟರಲ್ಲಿ ತಡವಾಗಿತ್ತು. 1976ರ ಚುನಾವಣೆಯಲ್ಲಿ ಎಲ್ಲ ವಿರೋಧಿಗಳೂ ಒಂದಾದರೂ 15ರಲ್ಲಿ 6 ಸ್ಥಾನ ಮಾತ್ರ ಸಿಕ್ಕಿತು. ಮತದಿಂದ ಇಳಿಸೋಕೆ ಆಗಲ್ಲ ಅನ್ನಿಸಿದ ಮೇಲೆ 1979ರ ಮಾರ್ಚ್ 13ರಂದು, ಗೇರಿ ದೇಶದ ಹೊರಗಿದ್ದಾಗ, ಬಿಷಪ್ ಕಡೆಯವರು ಬಂದೂಕು ಹಿಡಿದು ಅಧಿಕಾರ ತಗೊಂಡರು.

ಜೋಳದರೊಟ್ಟಿ

ಅಲ್ಲಿಗೆ ಅವನ ಕಥೆ ಮುಗೀತು ಅಂದುಕೊಂಡವರಿಗೆ ಒಂದು ಅಂಕಿ. 1984ರ ಡಿಸೆಂಬರ್ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಬಂದದ್ದು ಒಂದೇ ಸ್ಥಾನ. ಆದರೆ ಮತ ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ! ಹೊಡೆತ, ಕೊಲೆ, ಪದಚ್ಯುತಿ ಎಲ್ಲ ಆದಮೇಲೂ ಅಷ್ಟು ಜನ ಅವನ ಪಕ್ಷಕ್ಕೆ ಮತ ಹಾಕಿದರು. ಸ್ಕೈ ರೆಡ್ ನೋಡಿದ ತಲೆಮಾರು ಇನ್ನೂ ಬದುಕಿತ್ತು.

ಬಯಲುದಾರಿ

ಅದನ್ನೆಲ್ಲ 1951ರ ಋಣ ಅನ್ನೋಕೆ ಆಗಲ್ಲ ಅಕ್ಕಾ. 1979ರಿಂದ 1983ರವರೆಗೆ ಬಿಷಪ್ ಸರ್ಕಾರ ಒಂದೇ ಒಂದು ಚುನಾವಣೆ ನಡೆಸಲಿಲ್ಲ, ವಿರೋಧಿಗಳನ್ನು ವಿಚಾರಣೆ ಇಲ್ಲದೆ ಜೈಲಲ್ಲಿಟ್ಟಿತು. ಆ ಸಿಟ್ಟೂ ಆ ಮತಗಳಲ್ಲಿದೆ.

ಜೋಳದರೊಟ್ಟಿ

ಸಿಟ್ಟು ಇದ್ದವರಿಗೆ ಬ್ಲೇಜ್ ಇದ್ದರಲ್ಲ? ಆ ಚುನಾವಣೆಯಲ್ಲಿ 14 ಸ್ಥಾನ ಗೆದ್ದವರು ಅವರೇ. ಅವರನ್ನು ಬಿಟ್ಟು ಗೇರಿ ಪಕ್ಷಕ್ಕೇ ಹಾಕಿದವರ ಬಗ್ಗೆ ನಾನು ಹೇಳ್ತಿರೋದು. ಬಟ್ಲರ್ ಬಗ್ಗೆ ಬೇರೆ ಚರ್ಚೆ ಶುರು ಮಾಡ್ತಿದ್ದೀನಿ, ಉಳಿದ ಜಗಳ ಅಲ್ಲಿ ಆಡೋಣ ಬನ್ನಿ.